ಸಿಸ್ಟರ್ ಕೈಯಾಗಿನ ಕರಡಿಗಿ

ಮಂಗಳವಾರ, ೧೮ ನವೆಂಬರ್



ಅರಭಾವಿ ಹತ್ರ ನಮ್ಮ ಕಾರು ಗಿಡಕ್ಕ ಹೆಂಗ ಬಡೀತು, ನನಗ ಪೂರ್ತಿ ನೆನಪಿಲ್ಲ. ನನಗೇನೂ ಆಗ್ಲಿಲ್ಲ. ಮನಿಯವ್ರ ತಲಿ ಒಡದಿತ್ತು, ಎಚ್ಚರ ಇರಲಿಲ್ಲ. ಗೋಕಾಕದ ದವಾಖಾನಿಯಾಗ ಸ್ಕ್ಯಾನ್ ಮಾಡಾಕ ಒಳಗ ಒಯ್ದ್ರು. ನಾನು, ಸುದ್ದಿ ಕೇಳಿ ಓಡಿ ಬಂದ ಅತ್ತಿ ಹೊರಗ ಕುಂತಿದ್ವಿ.

ಸಿಸ್ಟರ್ ಬಂದಾಕಿನ ಇವ್ರ ಕೊಳ್ಳಾಗಿನ ಇಷ್ಟಲಿಂಗದ ಬೆಳ್ಳಿ ಕರಡಿಗಿ ನನ್ನ ಕೈಯಾಗಿಟ್ಲು. ಒಳಗ ಲಿಂಗ ಹಂಗ ಇತ್ತು. ಜಳಕಾ ಮಾಡುವಾಗೂ ಬಿಚ್ಚದವ್ರು. ಜೀವ ಇರೂತನಕ ಅದು ಮೈ ಬಿಡೂದಿಲ್ಲ ಅಂತ ನಂಬಿದ ಮಂದಿ ನಾವು. ಅತ್ತಿ ನೋಡಿದ್ರು, "ಹೋದೆಲ್ಲೋ ನನ್ನಪ್ಪಾ" ಅಂತ ಎದಿ ಬಡಕೊಂಡ್ರು.

"ಯಾಕ ಅಳ್ತೀರಿ? ಬೆಳ್ಳಿ ಇದ್ರ ಸ್ಕ್ಯಾನ್ ಸರಿ ಬರಂಗಿಲ್ರಿ, ಅದಕ್ಕ ತಗದೇವಿ" ಅಂದ್ಲು ಆಕಿ.

ತಲಿ ಒಳಗ ಪೆಟ್ಟಾಗಿಲ್ಲಂತ. ಹೊಲಿಗಿ ಹಾಕ್ಯಾರ. ಎಚ್ಚರಾದವ್ರು ಮೊದಲ ಎದಿ ಮ್ಯಾಲ ಕೈಯಾಡಿಸಿ, "ಶೋಭಾ, ನನ್ನ ಲಿಂಗ ಎಲ್ಲೈತಿ?" ಅಂದ್ರು. ನನಗ ಗಂಟು ಹಾಕಾಕ ಆಗಲಿಲ್ಲ, ಅತ್ತಿನ ಕಟ್ಟಿದ್ರು.

ಈಗ ಮಲಗ್ಯಾರ. ಉಸಿರಿನ ಜೋಡಿ ಕರಡಿಗಿ ಏಳ್ತೈತಿ, ಇಳೀತೈತಿ. ಅದನ್ನ ನೋಡಕೋತ ಕುಂತೀನಿ. ಅತ್ತಿ ನನಗೂ ಮಲಕೋ ಅಂತಾರ. ಕಣ್ಣು ಮುಚ್ಚಿದ್ರ ಆ ಸಿಸ್ಟರ್ ಮತ್ತ ಬಾಗಿಲಾ ತಗದು ಬರ್ತಾಳ, ಕೈ ಮುಂದ ಮಾಡಿ ಅದ ಕರಡಿಗಿ ಕೊಡ್ತಾಳ.