ಹೆಸರಿಡಬಾರದಿದ್ದ ಬೆಕ್ಕು

ಕಾರವಾರ, ಗುಡ್ಡದ ಕೇರಿ
೨೨೧೮ನೆಯ ಇಸವಿ, ಹದಿಮೂರನೆಯ ತಿಂಗಳ ಮೂವತ್ತೆರಡು

ಇನ್ನೂರು ವರ್ಷ ಹಿಂದಿನ ಕಾರವಾರದ ಬೀದಿಗಳಲ್ಲಿ ಬೆಕ್ಕಿನ ಮರಿಗಳನ್ನು ಎತ್ತಿಕೊಂಡು ಮನೆ ಹುಡುಕುತ್ತಿರುವ ಹಿರಿಯರಿಗೆ ರುಕ್ಮಾ ಹರಿಕಂತ್ರಳ ನಮಸ್ಕಾರ.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಾವು ತಿಂಗಳುಗಳನ್ನು ಸಮುದ್ರದ ಉಬ್ಬರ ನೋಡಿ ಎಣಿಸುತ್ತೇವೆ, ಮಿಕ್ಕ ದಿನಗಳನ್ನೆಲ್ಲ ಹದಿಮೂರನೆಯದಕ್ಕೆ ತುರುಕುತ್ತೇವೆ. ನಿಮಗೆ ಪರಿಚಯವಿಲ್ಲದ ಪದಗಳು ಬಂದರೆ ಕ್ಷಮಿಸಿ.

ನೀವು ಓಡಾಡುವ ಬೀದಿಗಳು ಈಗ ನೀರಿನಡಿಯಲ್ಲಿವೆ. ಕಟ್ಟಡಗಳ ಮೇಲಿನ ಅಂತಸ್ತುಗಳಷ್ಟೇ ಹೊರಗಿವೆ. ಅವನ್ನು ನಾವು ನೀರಮಹಡಿ ಎನ್ನುತ್ತೇವೆ. ಜನ ಅಲ್ಲಿ ಮೀನು ಒಣಗಿಸುತ್ತಾರೆ, ಸಂಜೆ ಗುಡ್ಡಕ್ಕೆ ಮರಳುತ್ತಾರೆ. ಬೆಕ್ಕುಗಳು ಮಾತ್ರ ಅಲ್ಲೇ ಸಂಸಾರ ಹೂಡುತ್ತವೆ. ದೊಡ್ಡ ಉಬ್ಬರ ಬರುವ ಮುಂಚೆ ಅವನ್ನು ಹಿಡಿದು ತರುವುದು ನಮ್ಮ ಬುಟ್ಟಿಬಳಗದ ಕೆಲಸ. ಬಿಸಿಲಿನಿಂದ ಓಡುವ ದೋಣಿಯಲ್ಲಿ ಆರು ಜನ, ಹತ್ತು ಬುಟ್ಟಿ. ಸಂಬಳವಿಲ್ಲ, ಕೈತುಂಬ ಪರಚುಗಾಯವಿದೆ. ಆ ದೋಣಿಯಲ್ಲಿ ಕೂರುವುದಕ್ಕಿಂತ ದೊಡ್ಡ ಸುಖ ನನಗೆ ಬೇರೆ ಇರಲಿಲ್ಲ.

ತಂದ ಬೆಕ್ಕು ಒಂಬತ್ತು ದಿನ ನಮ್ಮಲ್ಲೊಬ್ಬರ ಮನೆಯಲ್ಲಿರುತ್ತದೆ. ಇದಕ್ಕೆ ಮಡಿಲುವಾಸ ಎಂದು ಹೆಸರು. ಆ ಒಂಬತ್ತು ದಿನ ಬೆಕ್ಕಿಗೆ ಹೆಸರಿಡುವಂತಿಲ್ಲ. ಹಿಂದೊಬ್ಬರು ಹೆಸರಿಡುತ್ತಾ ಹೋಗಿ ಒಂದನ್ನೂ ಬಿಟ್ಟುಕೊಡದೆ ಹದಿನಾಲ್ಕು ಬೆಕ್ಕುಗಳ ನಡುವೆ ತಾವು ಮಲಗಲು ಜಾಗವಿಲ್ಲದೆ ಕೂತಿದ್ದರಂತೆ. ಅಂದಿನಿಂದ ಹೆಸರಿಟ್ಟವರಿಗೆ ಒಂದು ವರ್ಷ ದೋಣಿ ಬಂದ್.

ನಾನು ಇಟ್ಟೆ. ನನ್ನ ಮನೆಗೆ ಬಂದ ಬೆಕ್ಕಿನ ಬೆನ್ನ ಮೇಲೆ ಬಂಗಡೆ ಮೀನಿನಂಥ ಪಟ್ಟೆಗಳಿದ್ದವು, ಎರಡನೆಯ ದಿನವೇ ಬಾಯಿತಪ್ಪಿ ಬಂಗಡೆ ಎಂದುಬಿಟ್ಟೆ. ಅದು ತಿರುಗಿ ನೋಡಿತು. ಆಮೇಲೆ ಬಾಗಿಲು ಹಾಕಿಕೊಂಡು ದಿನಕ್ಕೆ ಇಪ್ಪತ್ತು ಸಲ ಕರೆದೆ. ನಾಚಿಕೆಯೇನೂ ಆಗಲಿಲ್ಲ.

ಹತ್ತನೆಯ ದಿನ ಅದನ್ನು ನಮ್ಮ ಕೇರಿಯ ಮೂರನೆಯ ಮನೆಗೆ, ಬಲೆ ನೇಯುವ ಗಣಪಿಗೆ ಕೊಟ್ಟರು. ಆಕೆ ಗೌರಿ ಎಂದು ಹೆಸರಿಟ್ಟು ಮುದ್ದಿನಿಂದ ಕರೆದಳು. ಬೆಕ್ಕು ಅಟ್ಟ ಹತ್ತಿ ಕೂತಿತು. ಮೂರು ದಿನ ಏನೂ ಮುಟ್ಟಲಿಲ್ಲ. ತನ್ನ ಮನೆ ಅದಕ್ಕೆ ಹಿಡಿಸಲಿಲ್ಲವೆಂದು ಗಣಪಿ ಅಳುತ್ತಾ ಬಂದಳು. ಬಳಗದ ಹಿರಿಯಳಾದ ಸೋಮಿ ಅಕ್ಕ ನಮ್ಮನ್ನೆಲ್ಲ ಕರೆದುಕೊಂಡು ಅಲ್ಲಿಗೆ ಹೋದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ದೋಣಿಯಲ್ಲಿ ನನ್ನ ಜಾಗ ಉಳಿಯುತ್ತಿತ್ತು. ಅಟ್ಟದ ಕತ್ತಲಲ್ಲಿ ಎರಡು ಕಣ್ಣು ಕಂಡವು. ಎಲ್ಲರೆದುರೇ ಬಂಗಡೆ ಎಂದು ಕರೆದೆ. ಅದು ಇಳಿದು ಬಂದು ತಟ್ಟೆಯ ಮೀನನ್ನು ಮುಳ್ಳೂ ಬಿಡದೆ ತಿಂದಿತು.

"ಹೆಸರಿಟ್ಬಿಟ್ಯಲ್ಲೇ ಮಾರಾಯ್ತಿ. ಇನ್ನು ಒಂದು ವರ್ಷ ದೋಣಿ ಹತ್ಬೇಡ" ಎಂದಳು ಸೋಮಿ ಅಕ್ಕ.

ಗಣಪಿ ಮಾತ್ರ ಆ ಹೆಸರನ್ನು ನಾನು ಯಾವ ಧಾಟಿಯಲ್ಲಿ ಕರೆಯುತ್ತೇನೆಂದು ಕೇಳಿ ಕಲಿತುಕೊಂಡಳು.

ನಾನೀಗ ದಡದಲ್ಲಿ ಬುಟ್ಟಿ ತೊಳೆಯುತ್ತೇನೆ. ದೋಣಿ ಹೊರಟಾಗ ಸಂಕಟವಾಗುತ್ತದೆ, ಆದರೂ ಸುಖವಾಗಿದ್ದೇನೆ. ನಿಮ್ಮಲ್ಲಿ ಒಂದೇ ಕೋರಿಕೆ. ಬೆಕ್ಕನ್ನು ಕೊಡುವಾಗ ನೀವು ಕರೆಯುತ್ತಿದ್ದ ಹೆಸರನ್ನೂ ಬುಟ್ಟಿಯ ಜೊತೆಗೇ ಕೊಟ್ಟುಬಿಡಿ. ನೀವು ಈಗಲೇ ರೂಢಿ ಮಾಡಿದರೆ ನಮ್ಮ ಕಾಲಕ್ಕೆ ಈ ನಿಯಮವೇ ಹುಟ್ಟಲಿಕ್ಕಿಲ್ಲ.

ಸಂಜೆ ಮೂರನೆಯ ಮನೆಯಿಂದ ಗಣಪಿ ಬಂಗಡೇ ಎಂದು ಕೂಗುತ್ತಾಳೆ. ಕರೆದದ್ದು ನನ್ನನ್ನಲ್ಲ ಎಂದು ಗೊತ್ತು. ಆದರೂ ಪ್ರತಿ ಸಲ ತಿರುಗಿ ನೋಡುತ್ತೇನೆ.

ನಿಮ್ಮ
ರುಕ್ಮಾ