ಕಾನಾ ಊರಿನ ಕ್ಯೂ

ಲೋವರ್ ಹಟ್
೧೬ ಮೇ ೨೦೨೩, ಮಂಗಳವಾರ

ಪ್ರೀತಿಯ ಯಶೂ,

ನಿನ್ನ ಕತ್ತು ನೋವು ಈಗ ಹೇಗಿದೆ? ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡ್ತಿದೀಯೋ, ಇಲ್ಲ ಆ ರಬ್ಬರ್ ಪಟ್ಟಿ ಇನ್ನೂ ಬಾಗಿಲ ಹಿಡಿಗೆ ನೇತಾಡ್ತಾ ಇದೆಯೋ? ನನ್ನ ಸೊಸೆ ಸ್ಮೃತಿಗೆ ಕೆಮ್ಮು ನಿಂತಿತಾ? ನಿಮ್ಮ ರಿಕ್ಕರ್ಟನ್ ಕಡೆ ಬೆಳಿಗ್ಗೆ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟುತ್ತೆ ಅಂತ ಟೀವಿಯಲ್ಲಿ ತೋರಿಸಿದ್ರು. ಅವಸರಕ್ಕೆ ಬಿಸಿನೀರು ಸುರಿದುಬಿಡಬೇಡ, ಗಾಜು ಬಿರುಕು ಬಿಡುತ್ತೆ. ಗಾನವಿಗೆ ಹಲ್ಲಿನ ತಂತಿ ಒತ್ತುತ್ತಾ ಇದ್ರೆ ಮೊಸರನ್ನ ಕೊಡಿ, ಆ ಗಟ್ಟಿ ಬಿಸ್ಕೆಟ್ ಎಲ್ಲ ಬೇಡ. ಅವಳಿಗೆ ಆಲಿವ್ ಮರದ ಒಂದು ಒಂಟೆ ತಂದಿದೀನಿ. ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಮರದ ಸಾಮಾನು ಇದೆ ಅಂತ ನಾನೇ ಡಿಕ್ಲೇರ್ ಮಾಡಿದೆ. ಅಲ್ಲಿದ್ದ ಹುಡುಗಿ ಒಂಟೆಯ ಹೊಟ್ಟೆ ಕೆಳಗೆಲ್ಲ ಟಾರ್ಚ್ ಬಿಟ್ಟು, ಹುಳುಕು ಇಲ್ಲ ಅಂತ ಖಾತ್ರಿ ಮಾಡಿಕೊಂಡು ನ್ಯೂಜಿಲೆಂಡಿನ ಒಳಗೆ ಬಿಟ್ಟಳು. ನಾನು ನಿಮ್ಮಪ್ಪನ ಜೊತೆ ಮೊದಲ ಸಲ ಬಂದಾಗ ನನ್ನನ್ನೂ ಇಷ್ಟು ಕೂಲಂಕಷವಾಗಿ ನೋಡಿರಲಿಲ್ಲ.

ಇರಲಿ. ನಾನು ಮನೆ ಸೇರಿದ ಭಾನುವಾರದಿಂದ ನೀನು ಎಷ್ಟು ಸಲ ಫೋನ್ ಮಾಡಿದೆ ಅಂತ ಗೊತ್ತು. ಬೇಕಂತಲೇ ಎತ್ತಲಿಲ್ಲ. ಮೊದಲ ಸಲ ಎತ್ತಿದಾಗ ಏನಾಯ್ತು ಹೇಳು? ನಾನು ಬಾಯಿ ತೆಗೆಯೋ ಮುಂಚೆ "ಅಮ್ಮಾ, ಒಂದ್ ನಿಮಿಷ ನಾನ್ ಹೇಳೋದು ಕೇಳು" ಅಂತ ಶುರು ಮಾಡಿದೆ. ಆ ನಿಮಿಷ ಮುಗಿಯೋ ಹೊತ್ತಿಗೆ ನನ್ನ ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು. ಕಾಗದಕ್ಕೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ ನೋಡು, ಅದಕ್ಕೇ ಬರೀತಿದೀನಿ. ನೀನು ಕೇಳಿದ್ದು ಎರಡು. ಒಂದು, ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಆ ಫೋಟೋ ಏನು. ಇನ್ನೊಂದು, ಅದೆಲ್ಲ ಗೊತ್ತಿಲ್ಲದೆ ಆದ ತಪ್ಪು, ನನಗೂ ವಾಸುದೇವ್ ಅವರಿಗೂ ಯಾವ ಸಂಬಂಧವೂ ಇಲ್ಲ ಅಂತ ನಾನೇ ಗ್ರೂಪಿನಲ್ಲಿ ಬರೀಬೇಕು, ಇನ್ನು ಮೇಲೆ ಅವರ ಜೊತೆ ಓಡಾಡೋದನ್ನ ನಿಲ್ಲಿಸಬೇಕು. ಮೊದಲನೇದಕ್ಕೆ ಪೂರ್ತಿ ಉತ್ತರ ಹೇಳ್ತೀನಿ, ಕಾಫಿ ಇಟ್ಟುಕೊಂಡು ಕೂತು ಓದು.

ಈ ಯಾತ್ರೆ ಹೊರಡಿಸಿದ್ದು ಕೃಪಾ. ಅವಳ ಚರ್ಚಿನವರು ಬಸ್ಸು ತುಂಬ ಜನ ಯೇಸು ಹುಟ್ಟಿ ಬೆಳೆದ ಊರುಗಳನ್ನ ನೋಡೋಕೆ ಹೊರಟಿದ್ರು, ಎರಡು ಸೀಟು ಖಾಲಿ ಉಳೀತು. ಒಂದು ಸೀಟಿಗೆ ಲೈಬ್ರರಿಯಲ್ಲಿ ಅವಳ ಜೊತೆ ಅಷ್ಟು ವರ್ಷ ಕೆಲಸ ಮಾಡಿದ ನನ್ನನ್ನ ಎಳೆದಳು, ಇನ್ನೊಂದಕ್ಕೆ ಪೆಟೋನಿಯಲ್ಲಿ ಅವಳ ಪಕ್ಕದ ಮನೆಯ ವಾಸುದೇವ್ ಅವರನ್ನ. ನಿನಗೆ ಹೊಸಬರೇನಲ್ಲ ಅವರು, ಇಳಿಜಾರಿನಲ್ಲಿ ಕಾರು ಪಾರ್ಕ್ ಮಾಡೋದು ನಿನಗೆ ಕಲಿಸಿದ ಅದೇ ವಾಸುದೇವ್ ಅಂಕಲ್. ಹೆಂಡತಿ ಹೋದ ಮೇಲೆ ಮನುಷ್ಯ ತೋಟದ ಫಿಜೋವಾ ಹಣ್ಣನ್ನ ಬಕೆಟ್ಟುಗಟ್ಟಲೆ ಊರಿಗೆಲ್ಲ ಹಂಚಿಕೊಂಡು ಇದ್ರು. ಅಷ್ಟು ಜನ ಕ್ರೈಸ್ತರ ನಡುವೆ ಹಿಂದೂಗಳು ನಾವಿಬ್ಬರೇ. ಏರ್‌ಪೋರ್ಟಿನಲ್ಲೇ ನಮಗೆ ಜಗಳ ಆಯ್ತು. ನನ್ನ ಪೆಟ್ಟಿಗೆ ಎತ್ತಿ ತೂಕ ನೋಡಿ, ಇದರಲ್ಲಿ ಗ್ರೈಂಡರ್ ಇದೆಯಾ ಅಂದ್ರು. ಗೊಜ್ಜವಲಕ್ಕಿ ಇತ್ತು. ಬೆತ್ಲಹೇಮಿಗೆ ಬರೋ ಹೊತ್ತಿಗೆ ಅದರಲ್ಲಿ ಅರ್ಧ ತಿಂದವರೂ ಅವರೇ.

ನಮ್ಮಿಬ್ಬರ ರೋಗ ಒಂದೇ, ಅದು ದೇವಸ್ಥಾನಗಳಲ್ಲಿ ಬೆಳೆದವರ ರೋಗ. ಕ್ಯೂ ಕಂಡ ತಕ್ಷಣ ಹೋಗಿ ನಿಂತುಬಿಡೋದು, ಏನಕ್ಕೆ ಅಂತ ಆಮೇಲೆ ಕೇಳೋದು. ಕೇಳಿ ವಿಚಾರಿಸಿ ನಿಲ್ಲೋ ಹೊತ್ತಿಗೆ ಮುಂದೆ ಐವತ್ತು ಜನ ಸೇರಿರ್ತಾರೆ, ಪ್ರಸಾದ ಮುಗಿದಿರುತ್ತೆ. ಬೆತ್ಲಹೇಮಿನ ಚರ್ಚಿನ ಬಾಗಿಲು ಎಷ್ಟು ಗಿಡ್ಡ ಅಂದ್ರೆ ಯಾರೇ ಆದ್ರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ನನಗದು ಬಹಳ ಹಿಡಿಸಿತು. ಬಾಗಿಲ ಹತ್ರ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಗೈಡು ಬೇಕಿಲ್ಲ ಮೇಡಂ ಅಂದ, ಆದರೂ ಮನಸ್ಸು ಒಪ್ಪಲಿಲ್ಲ. ವಾಸುದೇವ್ ಅವರು ನನ್ನ ಚಪ್ಪಲೀನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹಿಂದೆಯೇ ಬಂದ್ರು, ಇಲ್ಲಿ ಟೋಕನ್ ಕೊಡೋರು ಯಾರೂ ಇಲ್ಲ ಅಂತ ಗೊಣಗಿಕೊಂಡು. ಯೇಸು ಹುಟ್ಟಿದ ಜಾಗದಲ್ಲಿ ನೆಲಕ್ಕೆ ಬೆಳ್ಳಿ ನಕ್ಷತ್ರ ಕೂರಿಸಿದಾರೆ. ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿ ಕೃಪಾ ಮಂಡಿಯೂರಿ ಬಿಕ್ಕಿ ಬಿಕ್ಕಿ ಅಳ್ತಿದ್ಲು. ಚಿಕ್ಕವಳಿದ್ದಾಗಿಂದ ಅವಳ ಅಜ್ಜಿ ಕಥೆ ಹೇಳಿದ ಜಾಗ ಅಂತೆ. ನಾನು ಸೆರಗಿನಿಂದ ಅವಳ ಕಣ್ಣು ಒರೆಸಿದೆ, ನಂತರ ನನ್ನದೂ ಒರೆಸಿಕೊಂಡೆ.

ಅಲ್ಲಿಂದ ಉತ್ತರಕ್ಕೆ ಗಲಿಲಾಯದ ಕಡೆ ಹೊರಟಾಗ ದಾರಿಯಲ್ಲಿ ಕಾನಾ ಅಂತ ಒಂದು ಊರು. ಬಸ್ಸು ಇಳಿದ ಕೂಡಲೇ ನಮ್ಮವರೆಲ್ಲ ಅಂಗಡಿಗೆ ನುಗ್ಗಿದ್ರು. ಚರ್ಚಿನ ಅಂಗಳದಲ್ಲಿ ಚೆಂದದ ಒಂದು ಕ್ಯೂ ಇತ್ತು. ಕೊನೆಯಲ್ಲಿ ಮೇಜು, ಮೇಜಿನ ಮೇಲೆ ಪುಟ್ಟ ಪುಟ್ಟ ಲೋಟ, ಒಬ್ಬ ಸಿಸ್ಟರ್ ಹೂಜಿಯಿಂದ ಬಗ್ಗಿಸಿ ಕೊಡ್ತಿದ್ರು. ತೀರ್ಥ ಕೊಡ್ತಿದಾರೆ ಬನ್ನಿ ಅಂದೆ ವಾಸುದೇವ್ ಅವರಿಗೆ. ಮನುಷ್ಯ ಆಗಲೇ ನಿಂತಾಗಿತ್ತು. ಅದು ಮೆಕ್ಸಿಕೋದಿಂದ ಬಂದ ಗುಂಪಂತೆ, ಎಲ್ಲರೂ ಸ್ಪ್ಯಾನಿಷ್ ಮಾತಾಡ್ತಿದ್ರು. ಇಬ್ಬಿಬ್ಬರಾಗಿ ನಿಂತಿದ್ರು, ನಾವೂ ಇಬ್ಬರಾಗಿ ನಿಂತೆವು. ಮುಂದಿದ್ದ ಅಜ್ಜಿ ತಿರುಗಿ ನೋಡಿ, ನಕ್ಕು, ನನ್ನ ಕೈ ತೆಗೆದು ವಾಸುದೇವ್ ಅವರ ಕೈಯಲ್ಲಿ ಇಟ್ಟಳು. ಗುಂಪಿನಲ್ಲಿ ತಪ್ಪಿಸಿಕೊಳ್ಳದಿರಲಿ ಅಂತ ಇರಬೇಕು ಅಂದುಕೊಂಡು ಸುಮ್ಮನಾದೆ.

ಪಾದ್ರಿಗಳು ಮುಂದೆ ನಿಂತು ಒಂದೊಂದೇ ಮಾತು ಹೇಳ್ತಾ ಹೋದ್ರು, ಎಲ್ಲರೂ ಹಿಂದೆಯೇ ಹೇಳಿದ್ರು, ನಾವೂ ಹೇಳಿದೆವು. ಅರ್ಥ ಗೊತ್ತಿಲ್ಲದೆ ಹೇಗಮ್ಮಾ ಹೇಳಿದೆ ಅಂತ ಇದನ್ನ ಓದ್ತಾ ಕೂಗಾಡ್ತೀಯ, ಗೊತ್ತು. ಯಶೂ, ನಿಮ್ಮಪ್ಪನ್ನ ಮದುವೆ ಆದಾಗ ಪುರೋಹಿತರು ಸಂಸ್ಕೃತದಲ್ಲಿ ಹೇಳಿಸಿದ್ದು ನನಗೊಂದಕ್ಷರ ಅರ್ಥ ಆಗಿರಲಿಲ್ಲ. ಆದರೂ ಸಂಸಾರ ಚೆನ್ನಾಗಿಯೇ ನಡೀತು. ನೀನೂ ನಿನ್ನ ಮದುವೆಯಲ್ಲಿ ಮಂತ್ರದ ಮಧ್ಯೆ ಫ್ಯಾನ್ ಹಾಕಿ ಅಂದವನು, ನನಗೆ ಹೇಳೋಕೆ ಬರಬೇಡ. ಕೊನೆಗೆ ಪಾದ್ರಿಗಳು ಏನೋ ಕೇಳಿದ್ರು, ಸುತ್ತ ಎಲ್ಲರೂ "ಸೀ" ಅಂದ್ರು, ಹೌದು ಅಂತ ಅರ್ಥವಂತೆ, ನಾವೂ ಜೋರಾಗಿ "ಸೀ" ಅಂದೆವು. ನಮ್ಮಿಬ್ಬರ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ರು. ಕೃಪಾಳ ಗಂಡ ಅನೂಪ್ ಅಂಗಡಿಯಿಂದ ಹೊರಗೆ ಬಂದು ಫೋಟೋ ಹೊಡೆದದ್ದು ಸರಿಯಾಗಿ ಆ ಗಳಿಗೆಯಲ್ಲೇ.

ಮೇಜಿನ ಹತ್ರ ಸಿಸ್ಟರ್ ಪೆನ್ನು ಹಿಡಿದು ಹೆಸರು ಕೇಳಿದ್ರು. ಅರ್ಚನೆಗೆ ಕೇಳ್ತಿದಾರೆ ಅಂತ ವಾಸುದೇವ್ ಅವರು ನನ್ನ ಕಿವಿಯಲ್ಲಿ ಹೇಳಿದ್ರು. ಹಾಗಾಗಿ ಕಾತ್ಯಾಯಿನಿ, ಭಾರದ್ವಾಜ ಗೋತ್ರ ಅಂತ ನಾನು ಹೇಳಿದೆ, ಕಾಶ್ಯಪ ಗೋತ್ರ ಅಂತ ಅವರು ಹೇಳಿದ್ರು. ಆಯಮ್ಮ ಅದನ್ನೇ ನಮ್ಮ ಮನೆತನದ ಹೆಸರು ಅಂತ ಚೆಂದದ ಅಕ್ಷರದಲ್ಲಿ ಬರೆದು, ಬಣ್ಣದ ಹೂಬಳ್ಳಿ ಇದ್ದ ಒಂದು ಕಾಗದ ಕೈಗೆ ಕೊಟ್ರು. ನಕ್ಷತ್ರ ಹೇಳಿದ್ದನ್ನ ಬರೆದುಕೊಳ್ಳಲಿಲ್ಲ, ಜಾಗ ಇರಲಿಲ್ಲವೋ ಏನೋ. ಆಮೇಲೆ ತೀರ್ಥ. ನಾನು ಬಲಗೈ ಬೋಗುಣಿ ಮಾಡಿ ಹಿಡಿದೆ. ಸಿಸ್ಟರ್ ಗಾಬರಿಯಾಗಿ ಲೋಟ ಮುಂದೆ ಮಾಡಿದ್ರು. ನಾನು ಲೋಟದಿಂದ ಕೈಗೆ ಬಗ್ಗಿಸಿಕೊಂಡು, ಕುಡಿದು, ಉಳಿದದ್ದನ್ನ ತಲೆಗೆ ಸವರಿಕೊಂಡೆ. ವಾಸುದೇವ್ ಅವರೂ ಹಾಗೇ ಮಾಡಿದ್ರು. ಸಿಹಿಯಾಗಿತ್ತು, ದ್ರಾಕ್ಷಿ ರಸ ಹಾಕಿದಾರೆ ಅಂತ ಮಾತಾಡಿಕೊಂಡೆವು. ಅದು ವೈನು. ಆವತ್ತು ಸಂಜೆವರೆಗೂ ಬಸ್ಸಿನಲ್ಲಿ ನಮ್ಮಿಬ್ಬರ ತಲೆಯಿಂದ ಘಮಘಮ ವಾಸನೆ ಬರ್ತಿತ್ತು, ನೊಣ ಬೇರೆ.

ಕೃಪಾ ಓಡಿ ಬಂದು ಕಾಗದ ನೋಡಿದವಳೇ ಮೆಟ್ಟಿಲ ಮೇಲೆ ಕುಸಿದು ಕೂತು ನಗೋಕೆ ಶುರು ಮಾಡಿದ್ಲು. ಯೇಸು ಒಂದು ಮದುವೆ ಮನೆಗೆ ಬಂದು ನೀರನ್ನ ದ್ರಾಕ್ಷಾರಸ ಮಾಡಿದ ಊರಂತೆ ಅದು. ಅದಕ್ಕೇ ಮದುವೆಯಾದ ಜೋಡಿಗಳು ಅಲ್ಲಿ ಬಂದು, ಮದುವೆ ದಿನ ಕೊಟ್ಟ ಮಾತನ್ನ ಇನ್ನೊಮ್ಮೆ ಹೇಳಿ ಆಶೀರ್ವಾದ ತಗೋತಾರೆ. ನಾವಿಬ್ಬರೂ ಕೊಡದೇ ಇದ್ದ ಮಾತನ್ನ ಇನ್ನೊಮ್ಮೆ ಕೊಟ್ಟು ಬಂದಿದ್ವಿ! ನನಗೆ ನೆಲ ಬಾಯಿಬಿಡಬಾರದೇ ಅನ್ನಿಸ್ತು. ವಾಪಸ್ ಕೊಟ್ಟು ಬನ್ನಿ ಅಂದೆ ವಾಸುದೇವ್ ಅವರಿಗೆ. ಅವರು ಕಾಗದ ನೋಡಿದ್ರು, ಅಂಗಳದ ಕಡೆ ನೋಡಿದ್ರು. "ಅದಕ್ಕೂ ಕ್ಯೂ ಇದೆ, ಇರಲಿ ಬಿಡಿ" ಅಂದ್ರು.

ಅನೂಪ್ ಫೋಟೋನ ಕೃಪಾಗೆ ಕಳಿಸೋಕೆ ಹೋಗಿ ಕನ್ನಡ ಸಂಘದ ಗ್ರೂಪಿಗೆ ಕಳಿಸಿದ. ಅವನಿಗೆ ಬೈದು ಪ್ರಯೋಜನ ಇಲ್ಲ, ಕನ್ನಡಕ ಬಸ್ಸಿನಲ್ಲಿತ್ತಂತೆ. ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಿಂದ ನನ್ನ ಮುಖ ಕಂಡಿಲ್ಲದವರೆಲ್ಲ ಹ್ಯಾಪಿ ಆ್ಯನಿವರ್ಸರಿ ಆಂಟಿ ಅಂಕಲ್ ಅಂತ ಹೂವು, ಕೇಕು ಕಳಿಸಿದ್ರು. ಗಾನವಿ ಮಾತ್ರ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಯೂ ಲುಕ್ ಹ್ಯಾಪಿ ಅಜ್ಜಿ ಅಂತ ಬರೆದಿದ್ಲು. ನಾನು ಆ ಫೋಟೋನ ತಿರುಗಿ ನೋಡಿದೆ. ಹುಡುಗಿ ಹೇಳಿದ್ದು ಸುಳ್ಳಲ್ಲ.

ಆಮೇಲೆ ನಾನು ವಾಸುದೇವ್ ಅವರ ಜೊತೆ ಮಾತೇ ಬಿಟ್ಟೆ. ನಾಚಿಕೆ ಅನ್ನು, ಸಿಟ್ಟು ಅನ್ನು. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋದೆ, ಗೊಜ್ಜವಲಕ್ಕಿ ಡಬ್ಬಿಯನ್ನೂ ಜೊತೆಗೇ ತಗೊಂಡು ಹೋದೆ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ನೋಡೋಕೆ ಭಾರಿ ಕ್ಯೂ. ಗರ್ಭಗುಡಿ ಥರ ಇದೆ, ಸುತ್ತ ಪ್ರದಕ್ಷಿಣೆ ಹಾಕೋಕೆ ಹೊರಟವಳನ್ನ ಕಪ್ಪು ಟೋಪಿಯ ಒಬ್ಬರು ಗದರಿಸಿ ಸಾಲಿಗೆ ತಳ್ಳಿದ್ರು. ನಿಂತು ನಿಂತು ನನ್ನ ಎಡ ಮಂಡಿ ಕೈ ಕೊಡ್ತು. ಹಿಂದಿನಿಂದ ಯಾರೋ ಒಂದು ಮಡಚೋ ಸ್ಟೂಲು ಬಿಚ್ಚಿ ಇಟ್ರು. ತಿರುಗಿ ನೋಡಿದ್ರೆ ಅವರೇ. ಮುಖ ಆ ಕಡೆ ತಿರುಗಿಸಿಕೊಂಡಿದ್ರು. ಕ್ಯೂ ಒಂದು ಹೆಜ್ಜೆ ಮುಂದೆ ಹೋದ್ರೆ ಸ್ಟೂಲೂ ಒಂದು ಹೆಜ್ಜೆ ಮುಂದೆ, ಕೊನೆವರೆಗೂ ಹಾಗೇ. ನಿಮ್ಮಪ್ಪ ಎಷ್ಟು ಒಳ್ಳೆಯವರಾಗಿದ್ರೂ ಜನ್ಮದಲ್ಲಿ ಒಂದು ಕ್ಯೂ ನಿಂತವರಲ್ಲ, ನಾನು ದರ್ಶನ ಮುಗಿಸಿ ಬರೋವರೆಗೂ ಕಾರಿನಲ್ಲಿ ಪೇಪರ್ ಓದ್ತಾ ಕೂತಿರ್ತಿದ್ರು. ಒಳಗೆ ಅವರ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ವಾಸುದೇವ್ ಅವರು ತಮ್ಮ ಹೆಂಡತಿ ಹೆಸರಲ್ಲಿ ಒಂದು ಹಚ್ಚಿದ್ರು. ಗಾಳಿಗೆ ಅವರ ಬತ್ತಿ ಆರಿತು, ನಮ್ಮದರಿಂದ ಹಚ್ಚಿಕೊಟ್ಟೆ. ಹೊರಗೆ ಬಂದ ಮೇಲೆ ಅವರೊಂದು ಮಾತು ಹೇಳಿದ್ರು. ಅದನ್ನ ಕೊನೆಗೆ ಬರೀತೀನಿ, ಈಗ ಕೈ ನೋಯ್ತಿದೆ.

ಒಟ್ಟಿನಲ್ಲಿ ನೀನು ಹೆದರೋ ಅಂಥದ್ದೇನೂ ಇಲ್ಲ, ಯಶೂ. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಅದರಲ್ಲಿರೋ ಹೆಸರಿನ ಇಬ್ಬರು ಈ ಭೂಮಿ ಮೇಲೆ ಇಲ್ಲವೇ ಇಲ್ಲ. ಗೊತ್ತಿಲ್ಲದೆ ಆದ ತಪ್ಪು ಅಂತ ನೀನು ಹೇಳಿದ ಹಾಗೇ ಗ್ರೂಪಿನಲ್ಲಿ ಬರೆದಿದೀನಿ, ನೋಡಿಕೋ. ನಿಮ್ಮಪ್ಪನ ಫೋಟೋಗೆ ದಿನಾ ಹೂವು ಇಡ್ತೀನಿ, ಇವತ್ತೂ ಇಟ್ಟಿದೀನಿ, ಅದು ಯಾವತ್ತೂ ತಪ್ಪಲ್ಲ.

ಸ್ಮೃತಿಗೆ ನನ್ನ ಆಶೀರ್ವಾದ ಹೇಳು, ಬೆಚ್ಚಗಿರೋಕೆ ಹೇಳು. ಗಾನವಿಯ ತಂತಿ ಹಾಕಿದ ಹಲ್ಲಿಗೇ ಅಜ್ಜಿಯ ಒಂದು ಮುತ್ತು. ನೂರು ವರ್ಷ ನೆಮ್ಮದಿಯಾಗಿ ಬಾಳಿ, ಆದರೆ ಅಷ್ಟೂ ವರ್ಷ ಅಮ್ಮನ ಮಾತಿಗೆ ಅಡ್ಡ ಬರಬೇಡ.

ನಿನ್ನ
ಅಮ್ಮ

ಮರೆತಿದ್ದು: ಕೃಪಾ ಹೊರಗೆ ಹಾರ್ನ್ ಹೊಡೀತಿದಾಳೆ, ಬೇಗ ಬರೀತೀನಿ. ಜೆರುಸಲೇಮಿನಲ್ಲಿ ಅವರು ಹೇಳಿದ್ದು ಇಷ್ಟು: "ಕಾತ್ಯಾಯಿನಿ ಅವರೇ, ಆವತ್ತು ನಾವು ತಪ್ಪು ಕ್ಯೂನಲ್ಲಿ ನಿಂತ್ವಿ ಅಂತ ನನಗೇನೋ ಅನ್ನಿಸ್ತಿಲ್ಲ." ನಾನು ಸ್ಟೂಲು ಮಡಚಿ ಅವರ ಕೈಗೆ ಕೊಟ್ಟೆ. ಮನೆಗೆ ಬಂದು, ಒಬ್ಬಳೇ ಕೂತು ಕಾಫಿ ಕುಡಿದು, ಅವರಿಗೆ ಫೋನ್ ಮಾಡಿ, ನನಗೂ ಅನ್ನಿಸ್ತಿಲ್ಲ ಅಂದೆ. ಆರು ವರ್ಷ ಒಬ್ಬಳೇ ಕುಡಿದು ಸಾಕಾಗಿದೆ ಯಶೂ, ಅವರು ಜೊತೆಗಿದ್ರೆ ನನಗೆ ಸಂತೋಷವಾಗುತ್ತೆ. ತಪ್ಪಾಗಿದ್ದು ಕಾನಾದಲ್ಲಿ ಅಂತ ಮಾತ್ರ ಗ್ರೂಪಿನಲ್ಲಿ ಬರೆದಿರೋದು, ಇನ್ನೊಂದು ಸಲ ಓದು. ಸಂಬಂಧ ಇಲ್ಲ ಅಂತ ಬರೆದಿಲ್ಲ. ಜೂನ್ ಮೊದಲ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಪೆಟೋನಿಯಲ್ಲಿ ಅವರ ಫಿಜೋವಾ ಮರದ ಹತ್ರ, ಸರ್ಕಾರದ ಮದುವೆ ಲೈಸೆನ್ಸ್ ತಗೊಂಡು, ಸರಿಯಾದ ಹೆಸರಲ್ಲಿ. ಗೋತ್ರ ಬೇರೆ ಬೇರೆ, ಅದು ಕಾನಾದಲ್ಲೇ ಗೊತ್ತಾಯ್ತಲ್ಲ. ಸೋಮವಾರ ಕಿಂಗ್ಸ್ ಬರ್ತ್‌ಡೇ ರಜ, ಆಫೀಸು ಅನ್ನಬೇಡ. ಇಲ್ಲಿ ಇಬ್ಬರು ಸಾಕ್ಷಿ ಸಹಿ ಹಾಕಬೇಕಂತೆ. ಒಬ್ಬಳು ಕೃಪಾ. ಇನ್ನೊಂದು ಜಾಗಕ್ಕೆ ಅನೂಪ್ ಕೇಳಿದ, ಕೊಡಲಿಲ್ಲ, ಅದು ನಿನಗೆ ಅಂತ ಹಿಡಿದಿಟ್ಟಿದೀನಿ. ಈ ಸಲ ಏನಕ್ಕೆ ಅಂತ ಕೇಳಿ ತಿಳಿದುಕೊಂಡೇ ನಿಂತಿದೀನಿ, ಮಗನೇ. ನೀನೂ ಬಂದು ನನ್ನ ಪಕ್ಕ ನಿಂತುಕೋ.