ಬಾವಿಕಟ್ಟೆಯ ಹುಡುಗಿಯ ಎರಡನೇ ಮಾತು

ಆನವಟ್ಟಿ
೧೨ ಆಗಸ್ಟ್ ೧೯೯೭

ಗೆಳೆಯ ಆಸಿಮ್,

ನಮ್ಮ ಕಂಪ್ಯೂಟರ್ ಆಟಕ್ಕೆ ನೀನು ಕೇಳಿದ್ದ ಯುದ್ಧದ ಸಂಗೀತ ಈ ಫ್ಲಾಪಿಯಲ್ಲಿದೆ. ಸುಟ್ಟ ಊರಿನ ಚಿತ್ರ ಮಾತ್ರ ಇಲ್ಲ. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಬರೆದ ಆ ಮನೆಗಳ ಮೇಲೆ ಕಪ್ಪು ಬಳಿಯಲು ನನ್ನಿಂದ ಆಗಲಿಲ್ಲ. ನೀನು ಮತ್ತೆ ಮತ್ತೆ ಜ್ಞಾಪಿಸಿ ಬರೆಯುತ್ತಿದ್ದೀಯ, ಅದಕ್ಕೇ ಕಾರಣ ಹೇಳುತ್ತೇನೆ.

ಆ ಊರಿನ ಬಾವಿಕಟ್ಟೆಯ ಹುಡುಗಿಯನ್ನು ನಾನು ಬರೆದದ್ದು ತಂಗಿ ಗಂಗಾಶ್ರೀಯನ್ನು ಎದುರಿಗೆ ಕೂರಿಸಿಕೊಂಡು. ಊರಿನ ರಾಗವೂ ಅವಳು ಗುನುಗಿದ್ದೇ. ಅವಳು ತೀರಿಕೊಂಡಾಗ ಮಣ್ಣಿಗೆ ನೀನು ಬಂದು ಹೋದ ಮೇಲೆ ಒಂದು ದಿನ ಅವ್ವ ಕಂಪ್ಯೂಟರ್ ಮುಂದೆ ಕೂತು, "ಅವಳನ್ನ ತೋರ್ಸೋ" ಅಂದಳು. ಯಾವ ಕೀ ಒತ್ತಬೇಕೆಂದು ಹೇಳಿಕೊಟ್ಟೆ. ಈಗ ದಿನಾ ಒತ್ತುತ್ತಾಳೆ. ಹುಡುಗಿ, ನೀನು ಪ್ರೋಗ್ರಾಮಿನಲ್ಲಿ ಬರೆದಿಟ್ಟಂತೆ, "ಉಂಡ್ಯಾ?" ಎಂದು ಕೇಳುತ್ತಾಳೆ. ಅವ್ವ ಪರದೆಗೆ "ಉಂಡೆ ಕಣವ್ವಾ" ಎನ್ನುತ್ತಾಳೆ. ಮತ್ತೆ ಒತ್ತುತ್ತಾಳೆ. ಅವಳು ಮತ್ತೆ ಅದನ್ನೇ ಕೇಳುತ್ತಾಳೆ.

ಕತೆಗೆ ಬೆಂಕಿ ಬೇಕೇ ಬೇಕೆಂದರೆ ಬೇರೆ ಊರು ಬರೆದುಕೊಡುತ್ತೇನೆ, ಅದನ್ನು ಸುಡು.

ಇನ್ನೊಂದು ಕೆಲಸವಿದೆ. ಅವ್ವ ಹೇಳುವುದು ಸುಳ್ಳು. ಗಂಜಿಯನ್ನೂ ಸರಿಯಾಗಿ ಕುಡಿಯುತ್ತಿಲ್ಲ, ನಾನು ಹೇಳಿದರೆ ಕೇಳುವುದಿಲ್ಲ. ಹುಡುಗಿಗೆ ಎರಡನೇ ಮಾತೊಂದನ್ನು ಸೇರಿಸಲು ಆಗುತ್ತದೆಯೇ? "ಸುಳ್ಳು ಹೇಳಬ್ಯಾಡ, ಏಳವ್ವ, ಉಣ್ಣು." ಅಷ್ಟೇ ಸಾಕು. ಕಂಪ್ಯೂಟರಿಗೆ ಕನ್ನಡ ಬಾರದಲ್ಲ, ಆ ಅಕ್ಷರಗಳನ್ನೂ ಚೌಕ ತುಂಬಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಫ್ಲಾಪಿಗೆ ಕಾಯುತ್ತಿರುವ,
ಗುರುಪ್ರಕಾಶ